ದೊತೊರ್ನ್, ಒಗಟು ಮತ್ತು ಓವಿ: ಕಥೋಲಿಕ ಶಾಲೆಗಳ ಧರ್ಮಬೋಧನೆ ಕುರಿತು

ಕಥೋಲಿಕ ಶಾಲೆಗಳಲ್ಲಿ ಧರ್ಮಬೋಧನೆಯ ಮಟ್ಟ ಕುಸಿದಿದೆಯೆಂಬ ದೂರು ಹೊರಗಿನವರದಲ್ಲ. ಧರ್ಮಸಭೆಯ ಒಳಗಿನಿಂದಲೇ ಅದು ಮತ್ತೆ ಮತ್ತೆ ಕೇಳಿಬಂದಿದೆ. 1905ರಲ್ಲಿ ಪೋಪ್ ಹತ್ತನೆಯ ಪಯಸ್ ಧರ್ಮೋಪದೇಶದ ಕುರಿತಾಗಿಯೇ ಒಂದು ವಿಶ್ವಪತ್ರವನ್ನು ಹೊರಡಿಸಿ, ಕಾಲದ ಕೇಡುಗಳಿಗೆಲ್ಲ ಧರ್ಮದ ವಿಷಯದಲ್ಲಿನ ಅಜ್ಞಾನವೇ ಮುಖ್ಯ ಕಾರಣವೆಂದು ಸಾರಿದರು. 1983ರಲ್ಲಿ ಕಾರ್ಡಿನಲ್ ಜೋಸೆಫ್ ರಾಟ್ಸಿಂಗರ್ ಫ್ರಾನ್ಸಿನ ಲಿಯೋನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಮಾಡಿದ ಉಪನ್ಯಾಸಗಳು ಧರ್ಮಬೋಧನೆಯ ಬಿಕ್ಕಟ್ಟನ್ನೇ ವಸ್ತುವಾಗಿ ಉಳ್ಳವು. 1997ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರ ಸಮಿತಿಯೊಂದು ಅಲ್ಲಿನ ಧರ್ಮಪಾಠದ ಪುಸ್ತಕಗಳನ್ನು ಪರಿಶೀಲಿಸಿ, ತ್ರಿತ್ವ, ದೇವಕೃಪೆ, ಸಂಸ್ಕಾರಗಳು ಮೊದಲಾದ ವಿಷಯಗಳಲ್ಲಿ ಒಟ್ಟು ಹತ್ತು ಬಗೆಯ ಕೊರತೆಗಳಿವೆಯೆಂದು ವರದಿ ಮಾಡಿತು. ಕರ್ನಾಟಕದ ಕರಾವಳಿಯಲ್ಲಿ ಇದೇ ಆತಂಕಕ್ಕೆ ಮನೆಮಾತಿನ ರೂಪವಿದೆ: ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದ ಮಗುವಿಗೆ ಏಳು ಸಂಸ್ಕಾರಗಳ ಹೆಸರು ಬಾರದು, ಅಜ್ಜಿಗೆ ಓದು ಬಾರದಿದ್ದರೂ ಇಡೀ ದೊತೊರ್ನ್ ಬಾಯಿಪಾಠ.

ದೊತೊರ್ನ್ ಎಂಬುದು ಪೋರ್ಚುಗೀಸಿನ ‘ದೌತ್ರಿನ’ ಶಬ್ದದಿಂದ ಕೊಂಕಣಿಗೆ ಬಂದದ್ದು. ಧರ್ಮದ ತಿರುಳನ್ನು ಪ್ರಶ್ನೋತ್ತರವಾಗಿ ಕಲಿಸುವ ಪಾಠಕ್ಕೆ ಮಂಗಳೂರು ಕಡೆಯ ಕಥೋಲಿಕರು ಈ ಹೆಸರನ್ನೇ ಬಳಸುತ್ತಾರೆ. ಅಜ್ಜಿ ಮತ್ತು ಮೊಮ್ಮಗುವಿನ ಮೇಲಿನ ಹೋಲಿಕೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಚರ್ಚೆ ಎಲ್ಲಿ ತಡವರಿಸಿದೆ ಎಂಬುದನ್ನು ಅದು ಸರಿಯಾಗಿ ತೋರಿಸುತ್ತದೆ. ಒಂದು ಪಕ್ಷದವರು ಹಳೆಯ ಪ್ರಶ್ನೋತ್ತರದ ಬಾಯಿಪಾಠವೇ ಮರಳಿ ಬರಬೇಕೆನ್ನುತ್ತಾರೆ. ಇನ್ನೊಂದು ಪಕ್ಷದವರು ಅರ್ಥವಾಗದ ಬಾಯಿಪಾಠಕ್ಕಿಂತ ಮಗುವಿನ ಅನುಭವಕ್ಕೆ ಹತ್ತಿರವಾದ ಹೊಸ ಪುಸ್ತಕಗಳೇ ಮೇಲೆನ್ನುತ್ತಾರೆ. ಇಬ್ಬರ ದೃಷ್ಟಿಯೂ ಪುಸ್ತಕದ ಮೇಲೆಯೇ ನೆಟ್ಟಿದೆ. ಧರ್ಮಬೋಧನೆ ಮೂಲತಃ ಒಂದು ಮೌಖಿಕ ಕ್ರಿಯೆ. ಅದರ ಗುಣಮಟ್ಟವನ್ನು ಅಳೆಯುವಾಗ ಮಾತು ಯಾರಿಂದ ಯಾರಿಗೆ, ಯಾವ ಭಾಷೆಯಲ್ಲಿ, ಯಾವ ಹೊತ್ತಿನಲ್ಲಿ, ಎಂತಹ ಸನ್ನಿವೇಶದಲ್ಲಿ ದಾಟುತ್ತದೆಂಬುದನ್ನೂ ಕೇಳಬೇಕಾಗುತ್ತದೆ. ಜಾನಪದ ಅಧ್ಯಯನಕ್ಕೆ ಇದು ಪರಿಚಿತವಾದ ಕೇಳ್ವಿ. ಅಜ್ಜಿಯ ದೊತೊರ್ನ್ ಉಳಿದದ್ದು ಅದರ ಪ್ರಶ್ನೋತ್ತರದ ಬಲದಿಂದಲ್ಲ, ಅದರ ಸುತ್ತ ಇದ್ದ ಮನೆ, ಹಬ್ಬ, ಹಾಡುಗಳ ಬಲದಿಂದ. ಶಾಲೆ ಪ್ರಶ್ನೋತ್ತರವನ್ನು ಮಾತ್ರ ಕಿತ್ತು ತಂದು ವೇಳಾಪಟ್ಟಿಯಲ್ಲಿ ನೆಟ್ಟಿತು. ಅದು ಬಾಡಿದಾಗ ಪುಸ್ತಕವನ್ನು ಬದಲಿಸಿತು.

ಪ್ರಶ್ನೋತ್ತರವೆಂಬ ಪ್ರಕಾರವನ್ನು ಮೊದಲು ನೋಡಬಹುದು. ಯುರೋಪಿನಲ್ಲಿ ಮತಸುಧಾರಣೆಯ ಕಾಲದ ವಾಗ್ವಾದಗಳು ಇದಕ್ಕೆ ಹೊಸ ಜೀವ ಕೊಟ್ಟವು. ಪೀಟರ್ ಕನೀಸಿಯಸನ ಪ್ರಶ್ನೋತ್ತರ ಗ್ರಂಥ 1555ರಲ್ಲಿ ಬಂತು. ರಾಬರ್ಟ್ ಬೆಲ್ಲರ್ಮಿನ್ ಒಂದು ಕಿರಿದು, ಒಂದು ಹಿರಿದು ಎಂದು ಎರಡು ಪ್ರಶ್ನೋತ್ತರಗಳನ್ನು 1597 ಮತ್ತು 1598ರಲ್ಲಿ ಬರೆದ. ಇವೆರಡರ ನಡುವಿನ ಒಂದು ವ್ಯತ್ಯಾಸ ಕುತೂಹಲಕರವಾಗಿದೆ. ಮಕ್ಕಳಿಗಾಗಿ ಬರೆದ ಕಿರಿದರಲ್ಲಿ ಗುರು ಕೇಳುತ್ತಾನೆ, ಶಿಷ್ಯ ಒಪ್ಪಿಸುತ್ತಾನೆ. ಬೋಧಿಸುವವರಿಗಾಗಿ ಬರೆದ ಹಿರಿದರಲ್ಲಿ ಶಿಷ್ಯ ಕೇಳುತ್ತಾನೆ, ಗುರು ವಿವರಿಸುತ್ತಾನೆ. ಶಾಲೆಗಳಿಗೆ ಬಂದದ್ದು ಮೊದಲನೆಯ ಮಾದರಿ. ಕೇಳುವ ಅಧಿಕಾರ ಮಗುವಿನ ಕೈಗೆ ಬರಲೇ ಇಲ್ಲ.

ಕನ್ನಡ ಜನಪದರ ಒಗಟಿನೊಡನೆ ಇದನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಒಗಟಿನಲ್ಲಿಯೂ ಕೇಳುವವನಿಗೆ ಉತ್ತರ ಗೊತ್ತಿರುತ್ತದೆ. ಅಲ್ಲಿಯೂ ಉತ್ತರ ಒಂದೇ, ಅದು ಪರಂಪರೆಯಿಂದ ನಿಗದಿಯಾದದ್ದು. ಆದರೆ ಒಗಟು ಆಟವಾಗಿರುವುದರಿಂದ ಅದರಲ್ಲಿ ಸರದಿ ಇದೆ. ಬಿಡಿಸಿದ ಹುಡುಗ ಮುಂದಿನ ಒಗಟನ್ನು ಒಡ್ಡುತ್ತಾನೆ, ಹಿರಿಯರನ್ನೂ ಸಿಕ್ಕಿಸುತ್ತಾನೆ. ಹಾಗಾಗಿ ಒಗಟು ಕಲಿತ ಮಗು ಒಗಟು ಹೇಳುವ ಮಗುವೂ ಆಗುತ್ತದೆ, ಪರಂಪರೆಗೆ ವಾರಸುದಾರನಾಗುತ್ತದೆ. ಶಾಲೆಯ ದೊತೊರ್ನ್‌ನಲ್ಲಿ ಈ ಸರದಿ ಇಲ್ಲ. ಮಗು ಒಪ್ಪಿಸುವುದನ್ನಷ್ಟೇ ಕಲಿಯುತ್ತದೆ, ಮುಂದಕ್ಕೆ ಒಯ್ಯುವುದನ್ನು ಕಲಿಯುವುದಿಲ್ಲ.

ಮೊದಮೊದಲು ಹೀಗಿರಲಿಲ್ಲವೆಂಬುದಕ್ಕೆ ಭಾರತದಲ್ಲಿಯೇ ಸಾಕ್ಷ್ಯಗಳಿವೆ. 1542ರಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್ ಕೈಗಂಟೆ ಬಾರಿಸುತ್ತ ಬೀದಿಗಳಲ್ಲಿ ನಡೆದು ಮಕ್ಕಳನ್ನೂ ಆಳುಗಳನ್ನೂ ಕರೆದು ಸೇರಿಸುತ್ತಿದ್ದ, ಪ್ರಾರ್ಥನೆಗಳನ್ನು ರಾಗವಾಗಿ ಹೇಳಿಸುತ್ತಿದ್ದ. ಬಳಿಕ ತಮಿಳು ಮುತ್ತಿನ ಕರಾವಳಿಯಲ್ಲಿ ಸ್ಥಳೀಯರ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ತಂದು, ಸಾಲು ಸಾಲಾಗಿ ಹೇಳಿಕೊಟ್ಟು, ಕಲಿತದ್ದನ್ನು ಮನೆಯವರಿಗೂ ನೆರೆಯವರಿಗೂ ಕಲಿಸಬೇಕೆಂದು ಮಕ್ಕಳಿಗೆ ಕಟ್ಟುಮಾಡಿದ. ತಮಿಳು ಬಾರದ ಗುರುವಿನ ಈ ಅನುವಾದದಲ್ಲಿ ತಪ್ಪುಗಳಿದ್ದವು, ಮುಂದೆ ಬಂದವರು ಅವನ್ನು ತಿದ್ದಬೇಕಾಯಿತು. ಆದರೆ ಕ್ರಮದಲ್ಲಿ ಒಂದು ಜಾಣ್ಮೆ ಇದೆ: ಪಾಠ ಕೇಳಿದ ಮಗು ಅದೇ ಸಂಜೆ ಪಾಠ ಹೇಳುವ ಮಗುವಾಗುತ್ತಿತ್ತು.

ಇದಕ್ಕಿಂತಲೂ ಮುಖ್ಯವಾದ ಸಾಕ್ಷ್ಯ ಫಾದರ್ ಥಾಮಸ್ ಸ್ಟೀಫನ್ಸನದು. 1579ರಲ್ಲಿ ಗೋವೆಗೆ ಬಂದು 1619ರಲ್ಲಿ ಅಲ್ಲಿಯೇ ತೀರಿಕೊಂಡ ಈ ಆಂಗ್ಲ ಜೆಸ್ವಿತ್ ಪಾದ್ರಿ ಎರಡು ಬಗೆಯ ಧರ್ಮಬೋಧೆಯ ಗ್ರಂಥಗಳನ್ನು ಬರೆದ. ಕೊಂಕಣಿಯ ಪ್ರಶ್ನೋತ್ತರ ‘ದೌತ್ರಿನ ಕ್ರಿಸ್ತಾಂ’ ಅವನ ಮರಣಾನಂತರ 1622ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಅದಕ್ಕೆ ಮೊದಲೇ, 1616ರಲ್ಲಿ, ‘ಕ್ರಿಸ್ತಪುರಾಣ’ ಪ್ರಕಟವಾಗಿತ್ತು. ಇದು ಕೊಂಕಣಿಯ ಬೆರಕೆಯುಳ್ಳ ಮರಾಠಿಯಲ್ಲಿ, ಸುಮಾರು 11,000 ಓವಿಗಳಲ್ಲಿ ಹರಡಿಕೊಂಡಿರುವ ಮಹಾಕಾವ್ಯ. ಪುರಾಣದ ಆರಂಭದಲ್ಲಿಯೇ ಅದರ ಹುಟ್ಟಿನ ಕಥೆ ಬರುತ್ತದೆ. ದೌತ್ರಿನ ಕಲಿಸುವ ಗುರುವನ್ನು ಬ್ರಾಹ್ಮಣ ಮೂಲದ ಹೊಸ ಕ್ರೈಸ್ತನೊಬ್ಬ ಕೇಳುತ್ತಾನೆ: ದೌತ್ರಿನ ಒಳ್ಳೆಯದೇ, ಆದರೆ ಹಿಂದಿನ ಪುರಾಣಗಳನ್ನು ಓದಬಾರದೆಂದು ತಡೆದಿದ್ದೀರಿ, ಅವುಗಳ ಸ್ಥಾನದಲ್ಲಿ ನಮಗೆ ಬೇರೊಂದು ಪುರಾಣ ಬೇಡವೆ? ಧರ್ಮಬೋಧನೆಯ ಗುಣಮಟ್ಟದ ಕುರಿತು ಈ ನೆಲದಲ್ಲಿ ದಾಖಲಾದ ಹಳೆಯ ದೂರುಗಳಲ್ಲಿ ಇದೊಂದು. ದೂರಿದವನು ಕಲಿಯುವವನೇ ಎಂಬುದು ಗಮನಾರ್ಹ. ಅವನು ಪ್ರಶ್ನೋತ್ತರವನ್ನು ತಿದ್ದಿ ಕೊಡಿ ಎನ್ನಲಿಲ್ಲ. ಕೇಳಿ ಮರುಗುವ, ಹಾಡಿ ಹಂಚಿಕೊಳ್ಳುವ ಕಥನವನ್ನು ಕೇಳಿದ. ಸ್ಟೀಫನ್ಸ್ ಅವನ ಮಾತನ್ನು ಅರ್ಥಮಾಡಿಕೊಂಡ. ಹೆಂಗಸರು ಬೀಸುವಾಗ ಹಾಡುತ್ತಿದ್ದ, ಸಂತರು ಗ್ರಂಥ ರಚಿಸಿದ್ದ ಓವಿಯನ್ನೇ ಆರಿಸಿಕೊಂಡನೆಂಬುದು ಅವನ ಕಿವಿ ಎಷ್ಟು ಚುರುಕಾಗಿತ್ತೆಂಬುದನ್ನು ಹೇಳುತ್ತದೆ. ಇದೇ ಕಾವ್ಯವನ್ನು 1907ರಲ್ಲಿ ಜೋಸೆಫ್ ಎಲ್. ಸಲ್ಡಾನ್ಹ ಅವರು ಹಸ್ತಪ್ರತಿಗಳ ನೆರವಿನಿಂದ ಸಂಪಾದಿಸಿ ಮಂಗಳೂರಿನಲ್ಲಿಯೇ ಅಚ್ಚುಹಾಕಿಸಿದ್ದು ಕರಾವಳಿಯ ವಿದ್ವತ್ತಿನ ದೊಡ್ಡ ಸಾಧನೆ.

ಸ್ಟೀಫನ್ಸ್ ಕೇಳಿಸಿಕೊಂಡದ್ದನ್ನು ಅಧಿಕಾರ ಕೇಳಿಸಿಕೊಳ್ಳಲಿಲ್ಲ. 1684ರಲ್ಲಿ ಗೋವೆಯ ವೈಸ್‌ರಾಯ್ ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದ. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ನ್ಯಾಯಾಲಯ ಹೊರಡಿಸಿದ ಶಾಸನವಂತೂ ಮದುವೆಮನೆಗಳಲ್ಲಿ ವೊವಿಯೊ ಹಾಡುವುದನ್ನೇ ನಿಷೇಧಿಸಿತು. ವೊವಿಯೊ ಎಂದರೆ ಅದೇ ಓವಿಗಳು. ಒಂದು ಶತಮಾನದ ಹಿಂದೆ ಕ್ರಿಸ್ತನ ಕಥೆಗೆ ವಾಹನವಾಗಿದ್ದ ಛಂದಸ್ಸು ಈಗ ಅನ್ಯಧರ್ಮದ ಸೋಂಕೆಂದು ಶಂಕೆಗೆ ಗುರಿಯಾಯಿತು. ಧರ್ಮವನ್ನು ಬೋಧಿಸುವ ಸಂಸ್ಥೆಯೇ ಆ ಬೋಧೆಗೆ ಆಸರೆಯಾದ ಮೌಖಿಕ ನೆಲೆಯನ್ನು ಅಗೆದ ಪ್ರಸಂಗವಿದು. ಶಾಸನ ಗೆಲ್ಲಲಿಲ್ಲವೆಂಬುದು ಬೇರೆ ಮಾತು. ಗೋವೆಯಲ್ಲಿಯೂ ಕೆನರಾದಲ್ಲಿಯೂ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರದಲ್ಲಿ ವೊವಿಯೊ ಉಳಿದುಬಂತು.

ಇನ್‌ಕ್ವಿಸಿಷನ್, ಯುದ್ಧ, ಬರ ಇತ್ಯಾದಿ ಕಾರಣಗಳಿಂದ ತೆಂಕಣಕ್ಕೆ ವಲಸೆ ಬಂದ ಕೊಂಕಣಿ ಕಥೋಲಿಕರಿಗೆ 1784ರಲ್ಲಿ ಇನ್ನೊಂದು ಕಠಿಣ ಪರೀಕ್ಷೆ ಒದಗಿತು. ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಬದುಕುಳಿದವರು ಬಿಡುಗಡೆ ಕಂಡದ್ದು 1799ರಲ್ಲಿ. ಇಗರ್ಜಿ, ಶಾಲೆ, ನೆಲೆನಿಂತ ಗುರುಗಳು ಯಾವುದೂ ಇಲ್ಲದ ಆ ಹದಿನೈದು ವರ್ಷಗಳಲ್ಲಿ ಹುಟ್ಟಿದ ಮಕ್ಕಳಿಗೆ ಪ್ರಾರ್ಥನೆ ಕಲಿಸಿದವರು ಯಾರು? ಕ್ರಿಸ್ತಪುರಾಣದ ಪಠನವೇ ಜನರ ನಂಬಿಕೆಯನ್ನು ಕಾಪಾಡಿತೆಂಬ ಪ್ರತೀತಿ ಇದೆ. ಅದು ಎಷ್ಟರಮಟ್ಟಿಗೆ ದಿಟವೋ, ಆದರೆ ಧರ್ಮ ಬಾಯಿಂದ ಬಾಯಿಗೆ ದಾಟಿತೆಂದು ಸಮುದಾಯ ನೆನಪಿಟ್ಟುಕೊಂಡಿರುವುದೇ ಜಾನಪದದ ದೃಷ್ಟಿಯಿಂದ ಬೆಲೆಯುಳ್ಳ ದಾಖಲೆ.

ಈ ದಾಟುವಿಕೆಯ ಸ್ವರೂಪವನ್ನು ಕರಾವಳಿಯ ಕಥೋಲಿಕ ಮನೆಯಲ್ಲಿ ಇಂದಿಗೂ ಒಂದಿಷ್ಟು ಕಾಣಬಹುದು. ಸಂಜೆಯ ತೇರ್ಸ್, ಎಂದರೆ ಜಪಸರದ ಪ್ರಾರ್ಥನೆಯನ್ನು ಒಬ್ಬರು ಮೊದಲರ್ಧ ಹೇಳಿದರೆ ಉಳಿದವರು ಮಿಕ್ಕರ್ಧವನ್ನು ಪೂರೈಸುತ್ತಾರೆ. ಪ್ರತಿ ಹತ್ತರ ಗುಂಪನ್ನು ಒಬ್ಬೊಬ್ಬರು ನಡೆಸುವ ಮನೆಗಳಲ್ಲಿ ಐದಾರು ವರ್ಷದ ಮಗುವಿಗೂ ಮುಂದಾಳಾಗುವ ಸರದಿ ಬರುತ್ತದೆ. ಒಗಟಿನಲ್ಲಿರುವ, ತರಗತಿಯಲ್ಲಿಲ್ಲದ ಸರದಿ ಇದೇ. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಬಳಿ ಹೋಗಿ ‘ಬೆಸಾಂವ್’ ಬೇಡುತ್ತಾರೆ. ಆಶೀರ್ವಾದವೆಂಬ ಪದದ ಅರ್ಥವನ್ನು ಅಲ್ಲಿ ಯಾರೂ ವಿವರಿಸುವುದಿಲ್ಲ. ಅಜ್ಜನ ಕೈ ತಲೆಯ ಮೇಲೆ ಬಂದು ಕೂರುತ್ತದೆ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಇನ್ನೂ ಸಮೃದ್ಧವಾದ ಪಾಠ. ಕನ್ನಡದಲ್ಲಿ ತೆನೆಹಬ್ಬವೆಂದು ಕರೆಯಲಾಗುವ ಈ ಹಬ್ಬ ಕನ್ಯಾಮರಿಯಮ್ಮನ ಜನ್ಮದಿನವೂ ಹೌದು, ಹೊಸ ಬೆಳೆಯ ಹಬ್ಬವೂ ಹೌದು. ಹಿಂದಿನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು, ಹಾಡು ಹೇಳುತ್ತ ದೇವಮಾತೆಯ ಪುಟ್ಟ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹರಸಿದ ಭತ್ತದ ತೆನೆ ಪ್ರತಿ ಮನೆಗೂ ಬರುತ್ತದೆ. ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ಬಳಿಕ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆ ದಿನದ ಊಟ ಸಸ್ಯಾಹಾರ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕೆಂಬ ರೂಢಿಯೂ ಇದೆ. ಕೊಡಗಿನ ಪುತ್ತರಿಯನ್ನು, ತುಳುನಾಡಿನ ಹೊಸ ಅಕ್ಕಿಯೂಟವನ್ನು ಬಲ್ಲವರಿಗೆ ಇದರ ನೆಂಟಸ್ತಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಂಚಿ ಉಣ್ಣುವುದು, ಮೊದಲ ಫಲವನ್ನು ದೇವರಿಗೆ ಒಪ್ಪಿಸುವುದು, ಪರವೂರಿನಲ್ಲಿರುವ ಮಗನ ಪಾಲನ್ನು ಕಾಯ್ದಿರಿಸುವುದು ಇವೆಲ್ಲ ಪರಮಪ್ರಸಾದದ ಪಾಠಕ್ಕೆ ಎಷ್ಟು ಸಮೀಪ! ಹೀಗಿದ್ದೂ ಪರಮಪ್ರಸಾದದ ಪಾಠ ನಡೆಯುವ ತರಗತಿಗೆ ಈ ತೆನೆ ಬರುವುದು ಅಪರೂಪ. ಬಂದರೂ ಚಿತ್ರಕ್ಕೆ ಬಣ್ಣ ತುಂಬುವ ಚಟುವಟಿಕೆಯಾಗಿ ಬರುತ್ತದೆ.

ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದರು. ಜೆಸ್ವಿತರ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಈ ಸಂಸ್ಥೆಗಳು ಕರಾವಳಿಯ ಎಲ್ಲ ಜಾತಿಮತಗಳ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದದ್ದನ್ನು ಯಾವ ವಿಮರ್ಶೆಯೂ ಮರೆಯಲಾಗದು. ಧರ್ಮಬೋಧನೆಯ ಮಟ್ಟಿಗೆ ಮಾತ್ರ ಒಂದು ಸದ್ದಿಲ್ಲದ ಪಲ್ಲಟವಾಯಿತು. ಮನೆ ಮತ್ತು ಇಗರ್ಜಿಗಳ ಹೊಣೆಯಲ್ಲಿ ಶಾಲೆ ಪಾಲುದಾರನಾಯಿತು. ಕಾಲಕ್ರಮದಲ್ಲಿ ಶಾಲೆ ಕಲಿಸುತ್ತದೆಂದು ಮನೆ, ಮನೆ ಕಲಿಸಿರುತ್ತದೆಂದು ಶಾಲೆ ಪರಸ್ಪರ ನಂಬಿಕೊಂಡವು. ಭಾನುವಾರದ ದೊತೊರ್ನ್ ತರಗತಿಗಳು ಇಗರ್ಜಿಗಳಲ್ಲಿ ಮುಂದುವರಿದಿದ್ದರೂ ಅವುಗಳ ಮಾದರಿಯೂ ಶಾಲೆಯದೇ: ಹಾಜರಿ, ಬೆಂಚು, ವರ್ಷಾಂತ್ಯದ ಪರೀಕ್ಷೆ, ಬಹುಮಾನ.

ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962-65) ಬಳಿಕ ದೊರೆತ ಅವಕಾಶದ ಕಥೆಯೂ ಕರ್ನಾಟಕಕ್ಕೆ ಸಂಬಂಧಿಸಿದೆ. ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಗಳಿಗಾಗಿ ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೇಂದ್ರದ ಮೂಲಕ ಫಾದರ್ ಡಿ. ಎಸ್. ಅಮಲೋರ್‌ಪವದಾಸ್ (1932-1990) ಧರ್ಮಬೋಧನೆಯನ್ನು ಭಾರತೀಯ ನೆಲೆಯಲ್ಲಿ ಮರುರೂಪಿಸಲು ದುಡಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನವನ್ನು ಕಟ್ಟಿದವರೂ, ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದವರೂ ಅವರೇ. ದೀಪ, ಹೂ, ಆರತಿ, ಮೌನ, ಧ್ಯಾನಗಳು ಆರಾಧನೆಯೊಳಗೆ ಬಂದವು. ಇದು ಧೀರ ಪ್ರಯತ್ನವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ‘ಭಾರತೀಯ’ವೆಂದು ಗುರುತಿಸಲಾದದ್ದು ಬಹುಮಟ್ಟಿಗೆ ಆಶ್ರಮದ, ಉಪನಿಷತ್ತಿನ, ಶಿಷ್ಟ ಪರಂಪರೆಯ ಭಾರತೀಯತೆ. ಕಥೋಲಿಕರು ಮನೆಯಲ್ಲಿಯೇ ಉಳಿಸಿಕೊಂಡಿದ್ದ ವೊವಿಯೊ, ತೆನೆ, ಬೆಸಾಂವ್‌ಗಳು ಆಗಲೇ ಭಾರತೀಯವಾಗಿದ್ದವು; ಅವು ಈ ದೇಶೀಕರಣದ ಕಣ್ಣಿಗೆ ಬಿದ್ದದ್ದು ಕಡಿಮೆ. ಬಂಗಾರದ ಪಾತ್ರೆ ಹುಡುಕಲು ಹೊರಟವರು ಅಡುಗೆಮನೆಯ ಮಣ್ಣಿನ ಗಡಿಗೆಯನ್ನು ನೋಡದೆ ಹೋದಂತಾಯಿತು.

ತರಗತಿಯ ಇಂದಿನ ಸ್ಥಿತಿಯನ್ನು ದೀರ್ಘವಾಗಿ ವರ್ಣಿಸಬೇಕಿಲ್ಲ. ಧರ್ಮಪಾಠದ ಅಂಕಗಳು ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಪರೀಕ್ಷೆ ಹತ್ತಿರವಾದಂತೆ ಆ ಅವಧಿಯನ್ನು ಗಣಿತವೋ ವಿಜ್ಞಾನವೋ ಎರವಲು ಪಡೆಯುತ್ತದೆ. ಬೋಧಿಸುವ ಶಿಕ್ಷಕರಿಗೆ ಶಾಲೆಯ ಉಳಿದ ವಿಷಯಗಳಲ್ಲಿರುವಷ್ಟು ತರಬೇತಿ ಇದರಲ್ಲಿ ಇರುವುದು ವಿರಳ. ಕಥೋಲಿಕರಾಗಿರುವುದೇ ಅನೇಕ ಕಡೆ ಅರ್ಹತೆ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಮಗು ಇಂಗ್ಲಿಷಿನಲ್ಲಿ ಪ್ರಾರ್ಥಿಸಿ ಬಂದು ಮನೆಯಲ್ಲಿ ಕೊಂಕಣಿಯ ತೇರ್ಸ್‌ಗೆ ಕೂರುತ್ತದೆ, ಎರಡೂ ಒಂದೇ ಪ್ರಾರ್ಥನೆಯೆಂದು ಅದಕ್ಕೆ ಹೊಳೆಯಲು ವರ್ಷಗಳು ಬೇಕು. ರೋಮ್ ತನ್ನ ಮಟ್ಟಿಗೆ ಹಳೆಯ ಪ್ರಕಾರಕ್ಕೆ ಮರಳಿದೆ. ಧರ್ಮೋಪದೇಶದ ಬೃಹತ್ ಗ್ರಂಥ 1992ರಲ್ಲಿ ಬಂದ ಬಳಿಕ 2005ರಲ್ಲಿ ಹೊರಬಿದ್ದ ಅದರ ಸಂಗ್ರಹ 598 ಪ್ರಶ್ನೋತ್ತರಗಳ ರೂಪದಲ್ಲಿದೆ. ಇದಕ್ಕೂ ಮುಂಚೆ 1979ರಲ್ಲಿಯೇ ಪೋಪ್ ಎರಡನೆಯ ಜಾನ್ ಪಾಲ್ ನೆನಪಿಲ್ಲದ ಬೋಧನೆ ಬೇರೂರದೆಂದು ಎಚ್ಚರಿಸಿದ್ದರು. ಮಾತು ನಿಜ, ಮೌಖಿಕ ಪರಂಪರೆಯನ್ನು ಬಲ್ಲವರು ಅದನ್ನು ಅಲ್ಲಗಳೆಯಲಾರರು. ಪಾಡ್ದನ ಹಾಡುವವರ ನೆನಪು ಗದ್ದೆಯ ನಾಟಿಗೆ, ಕೋಲದ ರಾತ್ರಿಗೆ ಕಟ್ಟಿಕೊಂಡಿರುತ್ತದೆ. 598 ಪ್ರಶ್ನೆಗಳಿಗೆ ಅಂತಹ ಗೂಟ ಯಾವುದು?

ಇಷ್ಟು ಹೇಳಿದ ಮಾತ್ರಕ್ಕೆ ಮನೆಯ ಪರಂಪರೆಯೇ ಸರ್ವಸ್ವವೆಂದು ಸಾಧಿಸಿದಂತಾಗುವುದಿಲ್ಲ. ಮನೆ ಪ್ರಾರ್ಥನೆಯನ್ನು ದಾಟಿಸುವಾಗ ಜಾತಿಯನ್ನೂ ದಾಟಿಸಿದೆ. ಬಾಮಣ, ಚಾರ್ಡೊ, ಸುದಿರ್ ಎಂಬ ಭೇದಗಳು ಮದುವೆಯ ಮಾತುಕತೆಯಲ್ಲಿ ತಲೆಮಾರುಗಳ ಕಾಲ ಉಳಿದದ್ದು ಅದೇ ಹಿರಿಯರ ಬಾಯಿಂದ. ಒಂದೇ ಬೆಂಚಿನಲ್ಲಿ ಎಲ್ಲರನ್ನೂ ಕೂರಿಸಿದ ಶಾಲೆ ಈ ವಿಷಯದಲ್ಲಿ ಮನೆಗಿಂತ ಮೇಲಾದ ಧರ್ಮಬೋಧಕ. ಹಳೆಯ ಪಾಠಗಳಲ್ಲಿದ್ದ ನರಕದ ಭಯವನ್ನು ಹೊಸ ಪುಸ್ತಕಗಳು ಇಳಿಸಿದ್ದೂ ಲಾಭವೇ. ಅರ್ಥವರಿಯದ ಲ್ಯಾಟಿನ್ ಸಾಲುಗಳನ್ನು ಗೊಣಗಿದ ಹಿಂದಿನವರೆಲ್ಲ ಜ್ಞಾನಿಗಳಾಗಿದ್ದರೆಂದು ನಂಬುವುದು ಬರಿಯ ಹಳಹಳಿಕೆ. ತ್ರಿತ್ವದ ತತ್ತ್ವವನ್ನು ರೋಸಿನ ಹಾಡು ಬಿಡಿಸಿ ಹೇಳುವುದಿಲ್ಲ. ಅದಕ್ಕೆ ತಿಳಿದವರ ವಿವರಣೆ ಬೇಕು, ಪುಸ್ತಕವೂ ಬೇಕು.

ಕಥೋಲಿಕ ಶಾಲೆಯಲ್ಲಿ ಕಥೋಲಿಕರಲ್ಲದ ಮಕ್ಕಳದು ಇನ್ನೊಂದು ಪ್ರಶ್ನೆ. ಭಾರತದ ಕಥೋಲಿಕ ಶಾಲೆಗಳಲ್ಲಿ ಓದುವವರಲ್ಲಿ ಹೆಚ್ಚಿನವರು ಅವರೇ. ಸರಕಾರದ ಮನ್ನಣೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧನೆಗೆ ಕೂರಿಸಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಇದು ನ್ಯಾಯವಾದ ಕಟ್ಟಳೆ. ಇದನ್ನು ಪಾಲಿಸಲು ಶಾಲೆಗಳು ಕಂಡುಕೊಂಡ ಹಾದಿಯೆಂದರೆ ಗಂಟೆ ಹೊಡೆದೊಡನೆ ತರಗತಿಯನ್ನು ಇಬ್ಭಾಗಿಸುವುದು: ಕಥೋಲಿಕರು ಧರ್ಮಪಾಠಕ್ಕೆ, ಉಳಿದವರು ನೀತಿಪಾಠಕ್ಕೆ. ನೀತಿಪಾಠದ ಪುಸ್ತಕಗಳಲ್ಲಿ ಸುಳ್ಳು ಹೇಳಬೇಡ, ಹಿರಿಯರನ್ನು ಗೌರವಿಸು ಎಂಬ ಉಪದೇಶಗಳು ಊರು, ಭಾಷೆ, ದೇವರು ಯಾವುದೂ ಇಲ್ಲದ ಕಥೆಗಳಲ್ಲಿ ಬರುತ್ತವೆ. ಹೀಗಾಗಿ ಶಾಲೆಯ ಬಾಗಿಲಲ್ಲಿ ನಿಂತ ಪ್ರತಿಮೆ ಯಾರದೆಂದು ಒಂದು ಗುಂಪು ಕೇಳುವುದಿಲ್ಲ, ಗೆಳೆಯನ ಮನೆಯ ದೈವ ಯಾವುದೆಂದು ಇನ್ನೊಂದು ಗುಂಪು ಕೇಳುವುದಿಲ್ಲ. ಧರ್ಮಬೋಧನೆಯ ಗುಣಮಟ್ಟವೆಂದರೆ ಕಥೋಲಿಕ ಮಗುವಿನ ಜ್ಞಾನ ಮಾತ್ರವೆಂದು ಬಗೆಯುವುದರಿಂದ ಈ ನಷ್ಟ ಯಾರ ವರದಿಯಲ್ಲಿಯೂ ಸೇರುವುದಿಲ್ಲ.

ಹೊರಗೆ ಹಬ್ಬದ ಬಯಲಿನಲ್ಲಿ ಈ ಇಬ್ಭಾಗ ಇಲ್ಲ. ಕಾರ್ಕಳ ಬಳಿಯ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ, 2016ರಲ್ಲಿ ಬಸಿಲಿಕ ಪದವಿ ಪಡೆದ ಇಗರ್ಜಿಗೆ, ಜನವರಿಯ ಜಾತ್ರೆಯಲ್ಲಿ ಎಲ್ಲ ಧರ್ಮಗಳ ಜನ ಹರಕೆ ಹೊತ್ತು ಬರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಅಲ್ಲಿನ ಐತಿಹ್ಯವನ್ನು ಕಾರ್ಕಳದ ಸುತ್ತಲಿನವರು ಮತಭೇದವಿಲ್ಲದೆ ಹೇಳಬಲ್ಲರು. ಇಗರ್ಜಿಗೆ ಜಾಗ ಅರಸುತ್ತ ಸಂತನ ಪುಟ್ಟ ಮೂರ್ತಿಯನ್ನು ಹೊತ್ತು ನಡೆದವರು ನೀರಿನ ಒರತೆಯ ಬಳಿ ಅದನ್ನು ಇಳಿಸಿ ದಣಿವಾರಿಸಿಕೊಂಡರು. ಮರಳಿ ಎತ್ತಹೋದರೆ ಮೂರ್ತಿ ಮೇಲೇಳಲಿಲ್ಲ. ಅಲ್ಲಿಯೇ ಗುಡಿ ಕಟ್ಟುವೆವೆಂದು ಮಾತು ಕೊಟ್ಟ ಬಳಿಕವಷ್ಟೇ ಎದ್ದಿತು. ನೆಲಕ್ಕಿಟ್ಟದ್ದನ್ನು ಎತ್ತಲಾಗದ ಈ ಆಶಯ ಗೋಕರ್ಣದ ಆತ್ಮಲಿಂಗದ ಕಥೆಯಲ್ಲಿಯೂ ಇದೆ, ಕರಾವಳಿಯ ಅನೇಕ ದೇವಸ್ಥಾನಗಳ ಸ್ಥಳಪುರಾಣಗಳಲ್ಲಿಯೂ ಇದೆ. ಗಂಟೆ ಹೊಡೆದಾಗ ಬೇರೆ ಬೇರೆ ಕೋಣೆಗಳಿಗೆ ಹೋಗುವ ಎರಡು ಗುಂಪುಗಳಿಗೂ ಮನೆಯಲ್ಲಿ ಕೇಳಿ ಗೊತ್ತಿರುವ ಕಥೆಯಿದು. ಮೂರ್ತಿ ಏಕೆ ಏಳಲಿಲ್ಲ, ದೇವರಿಗೆ ಜಾಗದ ಹಂಬಲವಿದೆಯೆ, ಕೊಟ್ಟ ಮಾತಿಗೆ ಸಂತನೂ ಮಣಿಯುವನೆ, ಗೋಕರ್ಣದಲ್ಲಿ ಆದದ್ದೂ ಇದೇ ಅಲ್ಲವೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಲವತ್ತು ನಿಮಿಷದ ಅವಧಿಯಲ್ಲಿ ಈ ಪ್ರಶ್ನೆಗಳಿಗೆ ಎಡೆಯಿಲ್ಲ, ಶಿಕ್ಷಕರ ಕೈಪಿಡಿಯಲ್ಲಿ ಉತ್ತರವೂ ಇಲ್ಲ.